ಅಸರ್‌ನಿಂದ (ಇಳಿಹಗಲಿನ ನಮಾಜು) ಮಗ್ರಿಬ್‌ವರೆಗಿನ (ಸೂರ್ಯಾಸ್ತದ ನಮಾಜು) ಹೊತ್ತು ಮಕ್ಕಳ ಆಟಕ್ಕೇ ಮೀಸಲಿರಬೇಕೆ?

ಪರ: ಅದು ಆಟದ ಹೊತ್ತು

ಬೆಂಗಳೂರಿನ ಟ್ಯಾನರಿ ರಸ್ತೆಯಾಗಲಿ, ನೀಲಸಂದ್ರವಾಗಲಿ, ಶಾಲೆಯಿಂದ ಬಂದ ಮಗು ಬ್ಯಾಗು ಇಳಿಸಿ, ಟೋಪಿ ಹಾಕಿಕೊಂಡು ಮದ್ರಸಕ್ಕೆ ಓಡುವುದು ಬಿಸಿಲು ತಗ್ಗಿ ಇನ್ನೂ ಬೆಳಕಿರುವ ಹೊತ್ತಿನಲ್ಲೇ. ಅದನ್ನು ಆಟಕ್ಕೆ ಬಿಟ್ಟರೆ ದೀನನ್ನೇ (ಧರ್ಮವನ್ನೇ) ಕೈಬಿಟ್ಟಂತೆ ಎಂಬ ಆಕ್ಷೇಪಕ್ಕೆ ಪರಂಪರೆಯಲ್ಲಿ ಆಧಾರ ಸಿಗುವುದಿಲ್ಲ. ‘ಯೂಸುಫನನ್ನು ನಾಳೆ ನಮ್ಮೊಂದಿಗೆ ಕಳುಹಿಸಿ, ತಿಂದು ಆಡಲಿ’ ಎಂದು ಅಣ್ಣಂದಿರು ಕೇಳಿದಾಗ ತಂದೆ ಯಾಕೂಬರು ತೋಳದ ಭಯ ಹೇಳಿದರೇ ಹೊರತು ಆಟವನ್ನು ತಪ್ಪೆನ್ನಲಿಲ್ಲವೆಂಬುದು ಕುರ್‌ಆನಿನ 12ನೇ ಅಧ್ಯಾಯದಲ್ಲಿದೆ. ಪ್ರವಾದಿ ಮುಹಮ್ಮದರ ಪತ್ನಿ ಆಯಿಷಾರ ಜತೆ ಗೊಂಬೆಯಾಡುತ್ತಿದ್ದ ಗೆಳತಿಯರು ಪ್ರವಾದಿಯವರನ್ನು (ಸ) ಕಂಡು ಮರೆಯಾದರೆ, ಅವರೇ ಆ ಹುಡುಗಿಯರನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರೆಂದು ಹದೀಸ್ (ಪ್ರವಾದಿಯವರ ನಡೆ-ನುಡಿಯ ವರದಿ) ಹೇಳುತ್ತದೆ. ಓದಿನಿಂದ ಮರಳಿದ ಮಗು ದಣಿವಾರುವಂತೆ ಆಡಲಿ, ಆಟ ತಡೆದು ಸದಾ ಕಲಿಕೆಗೇ ಹಚ್ಚಿದರೆ ಮನಸ್ಸು ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಪಾಠದಿಂದಲೇ ಪಾರಾಗುವ ಉಪಾಯ ಹುಡುಕುತ್ತದೆ ಎಂದವರು 1111ರಲ್ಲಿ ನಿಧನರಾದ ಇಸ್ಲಾಮಿ ವಿದ್ವಾಂಸ ಇಮಾಮ್ ಗಝಾಲಿ. ವುಝೂ (ಕೈಕಾಲು, ಮುಖ ತೊಳೆದು ಶುದ್ಧಿಯಾಗುವುದು) ಮಾಡಿ ಬರುತ್ತೇನೆಂದು ಎದ್ದು, ಸಬಕ್ (ಮದ್ರಸದ ಪಾಠ) ಮುಗಿಯುವ ತನಕ ನಲ್ಲಿಯ ಬಳಿಯೇ ಉಳಿಯುವ ಹುಡುಗನನ್ನು ಕಂಡ ಉಸ್ತಾದರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಕತ್ತಲಾಗುತ್ತಲೇ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂಬ ಹದೀಸೂ ಇರುವುದರಿಂದ, ಆಟವನ್ನು ಮಗ್ರಿಬ್ ಹೊತ್ತಿಗೆ ತಳ್ಳುವಂತಿಲ್ಲ. ಪಾಠವನ್ನಾದರೆ ಫಜರ್ (ನಸುಕಿನ ನಮಾಜು) ನಂತರ ಇಟ್ಟುಕೊಳ್ಳಬಹುದು.

ವಿರೋಧ: ಆಟ ಇರಲಿ, ಪಾಠವೂ ಇರಲಿ

ಆಟ ಹಲಾಲೇ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಮದ್ರಸದಿಂದ ಬಿಡಿಸಿದ ಹೊತ್ತು ಆಟಕ್ಕೇ ಸಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ಇದೇ ಬೆಂಗಳೂರಿನವರು. ಈಗ ಇಲ್ಲಿನ ಗಲ್ಲಿಗಳಲ್ಲಿ ಸ್ಕೂಟರುಗಳ ಸಾಲು, ಎಷ್ಟೋ ಪಾರ್ಕುಗಳ ಗೇಟಿನಲ್ಲಿ ಚೆಂಡಾಟ ನಿಷೇಧದ ಫಲಕ, ಟರ್ಫಿಗೆ ಗಂಟೆ ಲೆಕ್ಕದ ಬಾಡಿಗೆ. ಮಗುವಿನ ಕೈಗೆ ಸಿಗುವುದು ಮೊಬೈಲ್ ಮಾತ್ರ, ಮತ್ತು ಹಣ ಕಟ್ಟಿಸಿಕೊಂಡು, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆ ತೆರೆಸುವ ಅದರ ಆಟಗಳನ್ನು ಆಯಿಷಾರ ಗೊಂಬೆಗಳ ಸಾಲಿಗೆ ಸೇರಿಸಲಾಗದು. ಜೂಜು ಹಗೆ ಬಿತ್ತುತ್ತದೆ, ನಮಾಜಿನಿಂದ ದೂರವಿಡುತ್ತದೆ ಎಂದು ಕುರ್‌ಆನಿನ 5ನೇ ಅಧ್ಯಾಯ ಎಚ್ಚರಿಸಿದ್ದು ಇಂಥವಕ್ಕೆ ಹೆಚ್ಚು ಹತ್ತಿರ.

ಏಳು ವರ್ಷಕ್ಕೆ ಮಕ್ಕಳಿಗೆ ನಮಾಜು ಹೇಳಿ ಎಂಬ ಹದೀಸಿನ ಆದೇಶಕ್ಕೆ ದಿನನಿತ್ಯದ ರೂಢಿ ಬೇಕು. ಅರಬಿಯ ಐನ್, ಖಾಫ್ ಅಕ್ಷರಗಳು ಗಂಟಲಿಗೆ ಒಗ್ಗುವುದು ವಾರಕ್ಕೊಂದು ಪಾಠದಿಂದಲ್ಲ. ಶಾಲೆಯ ವ್ಯಾನ್ ಬೆಳಗ್ಗೆ ಏಳಕ್ಕೇ ಹಾರ್ನ್ ಮಾಡುವ ಊರಿನಲ್ಲಿ ಫಜರ್ ನಂತರದ ಪಾಠವೆಂಬುದು (ಮಸೀದಿಯ ಪಕ್ಕದ ಮನೆಯವರನ್ನು ಬಿಟ್ಟರೆ) ಹೇಳಲಷ್ಟೇ ಸುಲಭ. ಮಗುವಿನ ಸಂಜೆಯಲ್ಲಿ ಹೆಚ್ಚು ಪಾಲು ತಿನ್ನುವುದು ಟ್ಯೂಷನ್. ಗಝಾಲಿಯವರ ಮಾತು ಅದಕ್ಕೂ ಅನ್ವಯಿಸುತ್ತದೆ, ಆದರೂ ಆಟಕ್ಕೆ ಸಮಯ ಸಾಲದೆಂದಾಗ ಪಾಲಕರು ಮೊದಲು ಬಿಡಿಸುವುದು ಟ್ಯೂಷನ್ನನ್ನಲ್ಲ, ಸಬಕನ್ನು.