ಕಾಲು ತೊಡೆಯ ಕೆಳಗಿದ್ದರೆ ಪೆಡಲ್ ಎಲ್ಲಿಡುವುದು?

"ಕಾಲು ತೊಡಿ ಕೆಳಗ ಅದಾವಲ್ಲೋ ತಮ್ಮಾ, ಇದನ್ನ ಯಾವುದರಿಂದ ತುಳೀಲಿ?"

ಪುಣೆಯಿಂದ ಹೊತ್ತು ತಂದ ಫುಟ್ ಕಂಟ್ರೋಲರ್, ಅಂದರೆ ಕಾಲಲ್ಲಿ ತುಳಿಯುವ ಸ್ವಿಚ್‌ಗಳ ಪೆಡಲ್ ಅನ್ನು ಜಮಖಾನದ ಮೇಲೆ ಇಟ್ಟಾಗ ನಮ್ಮ ಸೋದರಮಾವ ಕೇಳಿದ ಮೊದಲ ಮಾತು ಇದು. ಗದಗ-ಬೆಟಗೇರಿಯ ಒಂದು ಮಠದಲ್ಲಿ ಅಮಾವಾಸ್ಯೆ ಭಜನೆ. ಮಾವ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಡಗೈ ಪೇಟಿಗೆ (ಹಾರ್ಮೋನಿಯಂಗೆ) ಗಾಳಿ ಹಾಕಲು, ಬಲಗೈ ಅದರ ಸ್ವರದ ಮನೆಗಳ ಮೇಲೆ. ಹನ್ನೆರಡು ವರ್ಷದಿಂದ ಪುಣೆಯಲ್ಲಿ ಪೆಡಲ್ ತುಳಿಯುತ್ತಿರುವ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಪುಣೆಯಲ್ಲಿ ನಮ್ಮದು ಐದು ಜನರ ತಂಡ. ನಿಂತು ನುಡಿಸುತ್ತೇವೆ, ಶೂ ಹಾಕಿಕೊಂಡೇ. ನನ್ನ ಮುಂದೆ ಕೀಬೋರ್ಡ್, ಕಾಲ ಹತ್ತಿರ ಹತ್ತು ಸ್ವಿಚ್‌ಗಳ ಪೆಡಲ್. ಅದರಲ್ಲಿ ಸ್ವಂತ ಸದ್ದಿಲ್ಲ. ತುಳಿದರೆ ಈ ನಂಬರಿನ ಸ್ವರ ಶುರು, ಬಿಟ್ಟರೆ ಮುಗಿಯಿತು ಅಂತ ಲ್ಯಾಪ್‌ಟಾಪಿಗೆ ಹೇಳಿ ಕಳಿಸುತ್ತದೆ, ಅಷ್ಟೇ. 1983ರಲ್ಲಿ ಬಂದ ಮಿಡಿ ಪದ್ಧತಿ ಇದು, ಇವತ್ತಿಗೂ ಅದೇ ನಡೆಯುತ್ತಿದೆ. ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟ ಢೋಲು, ಶಂಖ, ಕೋರಸ್ ಎಲ್ಲ ಆ ಹೇಳಿಕೆಗೆ ಕಾಯುತ್ತಿರುತ್ತವೆ. ಎಲ್ಲರ ಕಿವಿಯಲ್ಲೂ ಲಯ ತೋರಿಸುವ ಕ್ಲಿಕ್ ಸದ್ದು. ಎಷ್ಟನೇ ಸಾಲಿಗೆ ಏನು ಬರಬೇಕು ಅನ್ನೋದು ಮೊದಲೇ ಗೊತ್ತು. ಗಣಪತಿ ಹಬ್ಬದಲ್ಲಿ ದಿನಕ್ಕೊಂದು ಸ್ಟೇಜ್ ಮಾಡುವವರಿಗೆ ಈ ಶಿಸ್ತು ಬೇಕೇ ಬೇಕು. ಅದರ ಬೆಲೆ ನನಗೆ ಗೊತ್ತಿದೆ.

ಆದರೆ ಅದನ್ನೇ ಹಾಗೆಯೇ ಎತ್ತಿ ಭಜನೆಗೆ ತಂದದ್ದು ನನ್ನ ತಪ್ಪು.

ತಂದದ್ದಕ್ಕೆ ಕಾರಣ ಇತ್ತು. ಮಂಡಳಿಯಲ್ಲಿ ಏಕತಾರಿ ಹಿಡಿಯುತ್ತಿದ್ದ ಅಜ್ಜ ತೀರಿಕೊಂಡು ಎರಡು ವರ್ಷವಾಯಿತು. ದಮ್ಮಡಿಗೆ, ತಾಳಕ್ಕೆ ಜನ ಇದ್ದಾರೆ. ಏಕತಾರಿಗೆ ಯಾರೂ ಬರಲಿಲ್ಲ. ಅಜ್ಜ ನುಡಿಸಿದ್ದನ್ನು ನಾನು ಹಿಂದೊಮ್ಮೆ ಅವರ ಮನೆಯ ಪಡಸಾಲೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನೇ ಪದದ ಕೆಳಗೆ ನುಡಿಸೋಣ ಅಂದುಕೊಂಡೆ. ದಮ್ಮಡಿ, ತಾಳದ ರೆಕಾರ್ಡ್ ಮಾಡಿದ ಸದ್ದು ಮಾತ್ರ ಮುಟ್ಟಲಿಲ್ಲ. ಎದುರಿಗೆ ಕೂತು ಬಾರಿಸುವ ಮನುಷ್ಯ ಇರುವಾಗ ಅವನ ಸದ್ದನ್ನು ಮೆಷೀನಿನಿಂದ ಯಾಕೆ ತೆಗೆಯಬೇಕು?

ಮೊದಲ ಸಲ ಪುಣೆಯ ಹಾಗೇ ಮಾಡಿದೆ. ಏಕತಾರಿಯ ಲೂಪ್ (ತಾನೇ ತಿರುತಿರುಗಿ ನುಡಿಯುವ ತುಣುಕು) ಕಟ್ಟಿ, ಪಕ್ಕದಲ್ಲಿ ಕೂತು ನಾನೇ ಒಮ್ಮೆ ಒತ್ತಿಬಿಟ್ಟೆ. ಮೂರನೇ ನುಡಿಗೆ ಬರುವಾಗ ಕೇಳುವವರು ತಲೆದೂಗಿದರು. ಹಾಡುವವರು ಅದೇ ಸಾಲನ್ನು ಮತ್ತೆ ತಗೊಂಡರು, ಲಯ ಸ್ವಲ್ಪ ಎಳೆದರು. ತಾಳದವರು, ದಮ್ಮಡಿಯವರು ಅವರ ಜೊತೆ ನಿಧಾನವಾದರು. ಲೂಪ್ ಮಾತ್ರ ಮುಂದೆ ಓಡಿತು. ಮಾವ ನನ್ನ ಕಡೆ ತಿರುಗಿ, "ಅದು ಯಾರ ಮಾತೂ ಕೇಳವಲ್ದು, ಬಂದ್ ಮಾಡು" ಅಂದರು. ಬಂದ್ ಮಾಡಿದೆ.

ಕಾಲಿಗೆ ಕೆಲಸ ಕೊಡುವುದು ನಮ್ಮ ಕಡೆ ಹೊಸದೇನಲ್ಲ, ಅಲ್ವಾ? ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದೇ. ಪುಟ್ಟರಾಜ ಗವಾಯಿಗಳೂ ನಾಟಕ ಬರೆದು ಕಂಪನಿ ಕಟ್ಟಿದವರು. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಮಾಸ್ತರರು ಕಾಲಲ್ಲಿ ಗಾಳಿ ತುಳಿದು ಎರಡೂ ಕೈ ಬಿಡುವು ಮಾಡಿಕೊಳ್ಳುತ್ತಿದ್ದರು. ಕಣ್ಣು ನಟನ ಮೇಲೆ. ಒನ್ಸ್ ಮೋರ್ ಬಂದರೆ ಅವರು ಮತ್ತೆ ಎತ್ತಿಕೊಡಬೇಕು. ಪೆಡಲ್ ಇರಬೇಕಾದದ್ದು ಇದಕ್ಕೇ ಅನ್ನೋದು ನನ್ನ ಅನಿಸಿಕೆ. ಕೈ ಖಾಲಿ ಇಲ್ಲದವನೂ ಕಾದು, ನೋಡಿ, ತನಗೆ ಸರಿ ಕಂಡ ಗಳಿಗೆಯಲ್ಲಿ ಸದ್ದು ಕೊಡಬೇಕು. ಪುಣೆಯಲ್ಲಿ ನಾವು ಆ ಗಳಿಗೆಯನ್ನು ಕ್ಲಿಕ್ಕಿಗೆ ಒಪ್ಪಿಸಿದ್ದೇವೆ.

ಹಾಗಾಗಿ ಲೂಪ್ ಬಿಟ್ಟೆ. ಒಂದೇ ಒಂದು ಮೀಟು ಕತ್ತರಿಸಿಕೊಂಡೆ. ಒಮ್ಮೆ ಒತ್ತಿದರೆ ಒಂದು ಟುಂಯ್. ಶ್ರುತಿಯ ತಾಪತ್ರಯ ಬರಲಿಲ್ಲ, ಅಜ್ಜ ಇದೇ ಪೇಟಿಯ ಮೊದಲ ಕಪ್ಪು ಮನೆಗೆ, ಅಂದರೆ ಕರಿ ಒಂದಕ್ಕೆ ತಂತಿ ಹೊಂದಿಸಿಕೊಳ್ಳುತ್ತಿದ್ದರು. ತೊಂದರೆ ಬೇರೆ ಕಡೆ ಇತ್ತು. ಒತ್ತಿದ ಮೇಲೆ ಸದ್ದು ತಡವಾಗಿ ಬೀಳುತ್ತಿತ್ತು. ಲ್ಯಾಪ್‌ಟಾಪಿನ ಬಫರ್ ಅನ್ನು (ಸದ್ದು ಹೊರಬಿಡುವ ಮುಂಚೆ ಅದು ಕೂಡಿಟ್ಟುಕೊಳ್ಳುವ ತುಣುಕನ್ನು) ಅರ್ಧಕ್ಕೆ ಇಳಿಸಿದೆ. ಆದರೂ ತಡ. ರೆಕಾರ್ಡಿಂಗನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ತಂತಿ ಮೀಟುವ ಮುಂಚೆ ಅಜ್ಜನ ಬೆರಳು ಸವರಿದ ಸಣ್ಣ ಸರಸರ, ಸುಮಾರು 60 ಮಿಲಿಸೆಕೆಂಡ್. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಅಂದರೆ ಏಕತಾರಿಯವರು ಇಪ್ಪತ್ತು ಮೀಟರ್ ಆಚೆ, ಮಠದ ಬಾಗಿಲ ಹೊರಗೆ ಕೂತ ಹಾಗೆ. ಆ ಸರಸರ ಕತ್ತರಿಸಲು ಮನಸ್ಸು ಬರಲಿಲ್ಲ. ಬೇರೆ ಫೈಲಿನಲ್ಲಿ ಇಟ್ಟುಕೊಂಡು ಆಮೇಲೆ ಕತ್ತರಿಸಿದೆ.

ಇನ್ನು ಕಾಲಿನ ಪ್ರಶ್ನೆ. ಸ್ಟೀಲ್ ಗುಂಡಿಯ ಸ್ವಿಚ್ ಶೂ ಕಾಲಿಗೆ ಸರಿ. ನಮ್ಮಲ್ಲಿ ಚಪ್ಪಲಿ ಬಾಗಿಲಲ್ಲೇ ಉಳಿಯುತ್ತದೆ. ಭಜನೆಯಲ್ಲಿ ಮಾವನನ್ನು ಸುಮ್ನೆ ನೋಡುತ್ತಾ ಕೂತಾಗ ಒಂದು ಕಂಡಿತು. ಹಾಡು ಹತ್ತಿದಾಗ ಅವರ ಬಲ ಮೊಣಕಾಲು ತಾಳಕ್ಕೆ ಸರಿಯಾಗಿ ಏಳುತ್ತದೆ, ಬೀಳುತ್ತದೆ. ಪಿಯಾನೊಗೆ ಹಾಕುವ ಮೆತ್ತನೆಯ ಸಸ್ಟೇನ್ ಪೆಡಲ್ ಒಂದನ್ನು ಸಣ್ಣ ಮಣೆಗೆ ಬಿಗಿದು ಆ ಮೊಣಕಾಲ ಕೆಳಗೆ ಸರಿಸಿದೆ. ಮನೆಯ ಹಳೇ ಕೀಬೋರ್ಡಿಗೆ ಪೆಡಲ್, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರ್. ಮಾವ ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ.

ನಡುವೆ ಕರೆಂಟು ಹೋಯಿತು. ಭಜನೆ ನಿಲ್ಲಲಿಲ್ಲ. ಕರೆಂಟು ಬಂದ ಮೇಲೆ ಕೀಬೋರ್ಡ್ ಆನ್ ಮಾಡಿದೆ, ಆಗ ಎಲ್ಲ ಉಲ್ಟಾ. ಮೊಣಕಾಲು ಒತ್ತಿದಾಗ ಮೌನ, ಎತ್ತಿದಾಗ ಟುಂಯ್. ಕೆಲವು ಕೀಬೋರ್ಡ್‌ಗಳು ಆನ್ ಆಗುವಾಗ ಪೆಡಲ್ ಹೇಗಿದೆಯೋ ಅದನ್ನೇ 'ಬಿಟ್ಟ ಸ್ಥಿತಿ' ಅಂದುಕೊಳ್ಳುತ್ತವೆ. ಆ ಹೊತ್ತಿಗೆ ಮಾವನ ಮೊಣಕಾಲು ಅದರ ಮೇಲೇ ಇತ್ತು. ಕಾಲು ಎತ್ತಿಸಿ, ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು.

ಅವತ್ತು ಕೊನೆಯ ಪದದಲ್ಲಿ ಹಾಡುವವರು ಮತ್ತೆ ಲಯ ಎಳೆದರು. ಮಾವ ಮೊಣಕಾಲನ್ನು ಹಾಗೇ ಮೇಲೆ ಹಿಡಿದು ಅವರ ಬಾಯನ್ನೇ ನೋಡುತ್ತಿದ್ದರು. ಸಾಲು ಮುಗಿದು 'ಸಾ'ಗೆ ಬಂದ ಗಳಿಗೆಗೆ ಕೆಳಗೆ ಬಿಟ್ಟರು. ಅಜ್ಜನ ತಂತಿ ನುಡಿಯಿತು. ದಮ್ಮಡಿಯವರು ತಲೆ ಎತ್ತಿ ಅಜ್ಜ ಕೂರುತ್ತಿದ್ದ ಕಂಬದ ಕಡೆ ನೋಡಿದರು.

ಮುಂದಿನ ಅಮಾವಾಸ್ಯೆಗೆ ಮಣೆಯನ್ನು ಅರ್ಧ ಇಂಚು ತೆಳ್ಳಗೆ ಮಾಡಿಸಿಕೊಂಡು ಬಾ ಅಂದಿದ್ದಾರೆ ಮಾವ. ರಾತ್ರಿಯೆಲ್ಲಾ ಕೂತರೆ ತೊಡೆ ಹಿಡಿಯುತ್ತದಂತೆ.