ಎಲೆಮರೆಯ ಕಾಯಿಗೊಂದು ಶಾಲು, ಎಲೆಗೊಂದು ಹಾರ

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ನನ್ನಂಥವರ ಫೋನುಗಳಿಗೆ ಬಿಡುವಿರುವುದಿಲ್ಲ. ಈ ಸಲ ಮೊದಲು ಕರೆ ಮಾಡಿದವರು ನಮ್ಮ ಬಡಾವಣೆಯ ಸಾಂಸ್ಕೃತಿಕ ಸಂಘವೊಂದರ ಕಾರ್ಯದರ್ಶಿಗಳು. "ಸಾರ್, ಮಾರ್ಚ್ 8ರ ಮಹಿಳಾ ದಿನಕ್ಕೆ ಒಂದು ಎಲೆಮರೆಯ ಕಾಯಿ ಬೇಕಾಗಿತ್ತು" ಎಂದರು, ಸಂತೆಯಲ್ಲಿ ಹೀರೇಕಾಯಿ ಕೇಳುವಷ್ಟೇ ಸಹಜವಾಗಿ. ಕಿತ್ತೂರು ಚೆನ್ನಮ್ಮ, ಓಬವ್ವ, ಅಬ್ಬಕ್ಕ ಇದ್ದಾರಲ್ಲ ಎಂದೆ. "ಅವರೆಲ್ಲ ಆಗಿಹೋದರು ಸಾರ್, ಎಲ್ಲರಿಗೂ ಗೊತ್ತು. ಈಗ ಮರೆತುಹೋದವರೇ ನಡೀತಿರೋದು" ಎಂದು ಸಮಾಧಾನದಿಂದ ವಿವರಿಸಿ, ತಮ್ಮ ಅಗತ್ಯಗಳನ್ನೂ ತಿಳಿಸಿದರು. ಆಕೆ ಇತಿಹಾಸಕ್ಕೆ ಏನಾದರೂ ಘನವಾದದ್ದನ್ನು ಮಾಡಿರಬೇಕು, ಆದರೆ ಅದು ಯಾರಿಗೂ ಗೊತ್ತಿರಬಾರದು. ಫ್ಲೆಕ್ಸಿಗೆ ಹಿಗ್ಗಿಸಿದರೂ ಒಡೆಯದಂಥ ಫೋಟೋ ಇರಬೇಕು. ಮುಖ್ಯವಾಗಿ ವಿವಾದ ಇರಬಾರದು.

ಎಲೆಮರೆಯ ಕಾಯಿ ಎಂಬ ಈ ನುಡಿಗಟ್ಟನ್ನು ನಾವು ಎಷ್ಟು ಸನ್ಮಾನಪತ್ರಗಳಲ್ಲಿ ಅಚ್ಚು ಹಾಕಿಸಿದ್ದೇವೆಯೋ ಲೆಕ್ಕವಿಲ್ಲ. ಆದರೆ ಕಾಯಿ ತಾನಾಗಿಯೇ ಹೋಗಿ ಅಡಗಿಕೊಳ್ಳುವುದಿಲ್ಲ, ಅದರ ಮುಂದೆ ಒಂದು ಎಲೆ ಇರುತ್ತದೆ ಎಂಬ ಸಸ್ಯಶಾಸ್ತ್ರದ ಪ್ರಾಥಮಿಕ ಪಾಠ ಮಾತ್ರ ಆ ಪತ್ರಗಳನ್ನು ಬರೆಯುವವರ ಗಮನಕ್ಕೆ ಇನ್ನೂ ಬಂದಂತಿಲ್ಲ. ಅವುಗಳಲ್ಲಿ ಮಹಿಳೆಯರು "ಕಾಲಗರ್ಭದಲ್ಲಿ ಮರೆಯಾಗುತ್ತಾರೆ", "ಇತಿಹಾಸದ ಪುಟಗಳಿಂದ ಅಳಿಸಿಹೋಗುತ್ತಾರೆ". ಓದಿದವರಿಗೆ ಇದೆಲ್ಲ ಮಳೆಯಿಂದಲೋ ಗೆದ್ದಲಿನಿಂದಲೋ ಆದ ನಷ್ಟ, ತಹಸೀಲ್ದಾರರಿಗೆ ಅರ್ಜಿ ಕೊಟ್ಟರೆ ಪರಿಹಾರ ಸಿಕ್ಕೀತು ಎನ್ನಿಸಬೇಕು. ಎಲೆಗೆ ಹೆಸರಿಲ್ಲ. ಹೆಸರಿದ್ದರೆ ಅದು ಬೇರೊಂದು ಆಹ್ವಾನ ಪತ್ರಿಕೆಯಲ್ಲಿ, ದಪ್ಪ ಅಕ್ಷರದಲ್ಲಿ ಇರುತ್ತದೆ.

ನಾನು ಕಾರ್ಯದರ್ಶಿಗಳಿಗೆ ಒಂದೇ ಊರಿನ ಇಬ್ಬರನ್ನು ಸೂಚಿಸಿದೆ. ಊರು ನಂಜನಗೂಡು. ದೇವರನ್ನು ಬಿಟ್ಟರೆ ಆ ಊರು ಹೆಸರಾಗಿರುವುದು ಹಲ್ಲುಪುಡಿಗೆ ಮತ್ತು ರಸಬಾಳೆಗೆ. ರಸಬಾಳೆಗಂತೂ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿರುವುದರಿಂದ, ಆ ಊರಿನಲ್ಲಿ ಎಲೆಮರೆಯಲ್ಲಿ ಉಳಿಯದ ಕಾಯಿ ಅದೊಂದೇ ಎನ್ನಬಹುದು.

ಮೊದಲನೆಯವರು, 1878ರಲ್ಲಿ ಅಲ್ಲಿ ಹುಟ್ಟಿ, ಬಾಳಿನ ಬಹುಭಾಗವನ್ನು ಮದರಾಸಿನಲ್ಲಿ ಕಳೆದರೂ ಕೊನೆಯವರೆಗೆ ಹೆಸರಿನ ಮುಂದೆ ಬೆಂಗಳೂರನ್ನು ಹೊತ್ತು ತಿರುಗಿದ, ದೇವದಾಸಿ ಮನೆತನದ ಗಾಯಕಿ ಬೆಂಗಳೂರು ನಾಗರತ್ನಮ್ಮ. ತಂಜಾವೂರಿನ ಆಸ್ಥಾನದಲ್ಲಿ 18ನೆಯ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯವನ್ನು ಅವರು ಪರಿಷ್ಕರಿಸಿ, ಹಿಂದೆ ಕತ್ತರಿಗೆ ಸಿಕ್ಕಿದ್ದ ಭಾಗಗಳನ್ನೂ ಸೇರಿಸಿ, 1910ರಲ್ಲಿ ಅಚ್ಚು ಹಾಕಿಸಿದರು. ಆ ಕಾವ್ಯವನ್ನು ಹೆಂಗಸಿನ ಬಾಯಲ್ಲಿ ಬರಬಾರದ ಮಾತೆಂದು ಜರೆದಿದ್ದವರು ಯಾರೋ ಹಳೆಯ ಕಾಲದ ಮಡಿವಂತರಲ್ಲ. ವಿಧವಾ ವಿವಾಹಗಳನ್ನು ಮುಂದೆ ನಿಂತು ಮಾಡಿಸಿದ, ಸ್ತ್ರೀಶಿಕ್ಷಣಕ್ಕಾಗಿ ದುಡಿದ ಕಂದುಕೂರಿ ವೀರೇಶಲಿಂಗಂ ಪಂತುಲು. ಸ್ತ್ರೀಯರ ಏಳಿಗೆಗೆ ಅವರು ಎಷ್ಟು ಶ್ರಮಿಸಿದರೆಂದರೆ, ಏಳುವಾಗ ಏನು ಮಾತಾಡಬೇಕೆಂಬುದನ್ನೂ ತಾವೇ ನಿರ್ಧರಿಸಬೇಕಾಗಿ ಬಂತು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ ಎಂದು ನಾಗರತ್ನಮ್ಮ ತಮ್ಮ ಮುನ್ನುಡಿಯಲ್ಲಿ ಕೇಳಿದರು. ಉತ್ತರವನ್ನು ಸರ್ಕಾರವೇ ಕೊಟ್ಟಿತು. ಮರುವರ್ಷ ಪುಸ್ತಕ ನಿಷೇಧವಾಯಿತು; ಆ ನಿಷೇಧ ತೆರವಾಗುವ ಹೊತ್ತಿಗೆ 1947 ಬಂದಿತ್ತು.

ಅಲ್ಲಿಗೆ ಸುಮ್ಮನಾಗಿದ್ದರೂ ಆಕೆ ಮಾರ್ಚ್ 8ರ ಸನ್ಮಾನಕ್ಕೆ ಅರ್ಹರಾಗುತ್ತಿದ್ದರು. ಆದರೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ತಿಳಿದ ಮೇಲೆ ಆಕೆ ಸುಮ್ಮನೆ ಕೂರಲಿಲ್ಲ. ಕೈಯಲ್ಲಿದ್ದ ಹಣ, ಮೈಮೇಲಿದ್ದ ಒಡವೆ ಎಲ್ಲವನ್ನೂ ಸುರಿದು ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಆಗ ಅಲ್ಲಿ ಆರಾಧನೆ ನಡೆಸುತ್ತಿದ್ದವರು ಎರಡು ಪಂಗಡ, ದೊಡ್ಡ ಕಚ್ಚಿ ಮತ್ತು ಚಿಕ್ಕ ಕಚ್ಚಿ (ತಮಿಳಿನಲ್ಲಿ ಕಚ್ಚಿ ಎಂದರೆ ಪಕ್ಷ). ಎರಡಕ್ಕೂ ಯಾವ ವಿಷಯದಲ್ಲೂ ಹೊಂದಾಣಿಕೆ ಇರಲಿಲ್ಲ, ಒಂದನ್ನು ಬಿಟ್ಟು: ಹೆಂಗಸರು ಹಾಡಕೂಡದು. ಅಂದರೆ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಬರಬಹುದು, ಊಟಕ್ಕೆ ಕೂರುವಂತಿಲ್ಲ. ನಾಗರತ್ನಮ್ಮ ಜಗಳಕ್ಕೆ ನಿಲ್ಲುವ ಬದಲು ಹೆಂಗಸರದೇ ಮೂರನೆಯ ಕಚ್ಚಿಯನ್ನು ಕಟ್ಟಿಕೊಂಡು, ತಾವೇ ಕಟ್ಟಿಸಿದ ಗುಡಿಯ ಹಿಂಭಾಗದಲ್ಲಿ ಕುಳಿತು ಹಾಡಿದರು. 1940ರ ಸುಮಾರಿಗೆ ಕಚ್ಚಿಗಳು ಒಂದಾದವು, ಹೆಂಗಸರ ದನಿ ಹಿತ್ತಲಿನಿಂದ ಅಂಗಳಕ್ಕೆ ಬಂತು. ಈಗ ಪುಷ್ಯ ಬಹುಳ ಪಂಚಮಿಯಂದು ಪಂಚರತ್ನ ಕೀರ್ತನೆಗಳ ನೇರ ಪ್ರಸಾರ ನೋಡುತ್ತಾ ತಲೆದೂಗುವ ನಮ್ಮವರು, ಆ ಗುಡಿಗೆ ಎದುರಾಗಿ ಕೈಮುಗಿದು ಕುಳಿತಿರುವ ವಿಗ್ರಹ ಯಾರೋ ಭಕ್ತೆಯದೆಂದುಕೊಳ್ಳುತ್ತಾರೆ. ತಪ್ಪೇನಿಲ್ಲ, ಭಕ್ತೆಯೇ, ಕಟ್ಟಡದ ಖರ್ಚು ಕೊಟ್ಟ ಭಕ್ತೆ.

ಇಷ್ಟನ್ನೂ ಕೇಳಿಸಿಕೊಂಡ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಮೌನವಾಗಿದ್ದರು. "ತುಂಬಾ ಚೆನ್ನಾಗಿದೆ ಸಾರ್. ಆದರೆ ದೇವದಾಸಿ ಅನ್ನೋದನ್ನ ಬ್ಯಾನರಿನಲ್ಲಿ ಹೇಗೆ ಹಾಕೋದು? ಆ ಪುಸ್ತಕದ ವಿಷಯ ಬಿಟ್ಟು ಬರೀ ಗುಡಿ ಕಟ್ಟಿಸಿದರು ಅಂತ ಹೇಳೋಣವೇ?" ನೂರು ವರ್ಷಗಳ ಹಿಂದೆ ಗಿಡದಲ್ಲಿದ್ದ ಎಲೆ ಉದುರಿಲ್ಲ, ಹಸಿರಾಗಿಯೇ ಇದೆ ಎಂದು ನನಗೆ ಗೊತ್ತಾದದ್ದು ಆಗ.

ಎರಡನೆಯವರಲ್ಲಿ ಅಂಥ ತೊಡಕಿರಲಿಲ್ಲ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬ ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕಕ್ಕೆ ವಿಧವೆಯಾಗಿ, ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿದವರು. 1913ರಲ್ಲಿ 'ಸುಶೀಲೆ' ಎಂಬ ಕಾದಂಬರಿ ಬರೆದು, ಅದನ್ನು ಪ್ರಕಟಿಸಲು 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ಆಮೇಲೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಇಂದು ಅವರು ಕರ್ನಾಟಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿದ್ದಾರೆ. 'ಕನ್ನಡದ ಮೊದಲ ಪತ್ರಕರ್ತೆ ಯಾರು?' ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಲಕ್ಷಾಂತರ ಹುಡುಗ ಹುಡುಗಿಯರಲ್ಲಿ ಯಾರನ್ನೇ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೆಸರು ಹೇಳುತ್ತಾರೆ. ಆ ಪತ್ರಕರ್ತೆ ಬರೆದ ಒಂದು ಸಾಲನ್ನು ಕೇಳಿದರೆ, ಅದು ಪಠ್ಯಕ್ರಮದಲ್ಲಿಲ್ಲ ಎನ್ನುತ್ತಾರೆ. 'ಮೊದಲ ಮಹಿಳೆ' ಎಂಬುದು ನಾವು ಕಂಡುಹಿಡಿದ ಅದ್ಭುತವಾದ ಪದವಿ. ಅದನ್ನು ಕೊಟ್ಟುಬಿಟ್ಟರೆ ಪುಸ್ತಕ ತೆರೆಯುವ ತೊಂದರೆ ತಪ್ಪುತ್ತದೆ.

ತಿರುಮಲಾಂಬ ಕೊನೆಯ ದಶಕಗಳಲ್ಲಿ ಬರೆಯುವುದನ್ನೇ ಬಿಟ್ಟು ಮದರಾಸಿನಲ್ಲಿದ್ದರು. ಅವರನ್ನು ಹುಡುಕಿಕೊಂಡು ಹೋದ ಲೇಖಕಿ ಚಿ. ನ. ಮಂಗಳಾ ಅವರಿಗೆ ಬಾಗಿಲು ತೆರೆದ ಮುದುಕಿ, ತಿರುಮಲಾಂಬ ಎಂದೋ ಸತ್ತುಹೋದಳು ಎಂದರಂತೆ. ಹಾಗೆಂದವರು ಸಾಕ್ಷಾತ್ ತಿರುಮಲಾಂಬ. ಅವರು ನಿಜವಾಗಿ ತೀರಿಕೊಂಡದ್ದು 1982ರಲ್ಲಿ. ತಾನು ಮರೆತುಹೋದವಳೆಂಬುದನ್ನು ಖುದ್ದಾಗಿ ದೃಢೀಕರಿಸಿದ ಮಹಿಳೆ ಸಿಕ್ಕಿದರಲ್ಲ ಎಂದು ಕಾರ್ಯದರ್ಶಿಗಳು ಹಿಗ್ಗಿದರು. ಆಯ್ಕೆ ಅಂತಿಮವಾಯಿತು.

(ವಿಜ್ಞಾನಿಗಳು ಬೇಕಿದ್ದರೆ ಕಮಲಾ ಸೊಹೋನಿ ಇದ್ದಾರೆ ಎಂದೂ ಹೇಳಿದ್ದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರನ್ನು ಹೆಂಗಸೆಂಬ ಕಾರಣಕ್ಕೆ ಸಿ. ವಿ. ರಾಮನ್ ಮೊದಲು ಸೇರಿಸಿಕೊಳ್ಳಲಿಲ್ಲ; ಆಕೆ ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ, ಪ್ರಯೋಗಾಲಯದ ವಾತಾವರಣ ಕೆಡಿಸಬಾರದೆಂಬ ಷರತ್ತಿನೊಂದಿಗೆ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಇದು ನಮ್ಮ ಸಂಘಕ್ಕೆ ಹೊಂದಲಿಲ್ಲ, ಏಕೆಂದರೆ ಫೆಬ್ರವರಿ 28ರಂದು ಇದೇ ಸಭಾಂಗಣದಲ್ಲಿ, ಅದೇ ರಾಮನ್ ಅವರ ಶೋಧದ ನೆನಪಿಗಾಗಿ, ರಾಷ್ಟ್ರೀಯ ವಿಜ್ಞಾನ ದಿನಾಚರಣೆ ಇರುತ್ತದೆ. ಒಂದೇ ಶಾಮಿಯಾನದಲ್ಲಿ ಎಂಟು ದಿನಗಳ ಅಂತರದಲ್ಲಿ ಎಲೆಗೂ ಕಾಯಿಗೂ ಹಾರ ಹಾಕುವುದು ಬಾಡಿಗೆಯ ದೃಷ್ಟಿಯಿಂದ ಅಗ್ಗವಾದರೂ ಭಾಷಣಕಾರರಿಗೆ ಕಷ್ಟ.)

ಆಹ್ವಾನ ಪತ್ರಿಕೆ ಬಂತು. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಭಾವಚಿತ್ರಕ್ಕೆ ಪುಷ್ಪಾರ್ಚನೆ, ಆಶಯ ನುಡಿ ಎಂದೆಲ್ಲ ಹನ್ನೊಂದು ಗಂಡಸರ ಹೆಸರುಗಳು, ಒಂಬತ್ತನೆಯದು ನನ್ನದು. ಮಹಿಳೆಯರಿಗೂ ಸೂಕ್ತ ಪ್ರಾತಿನಿಧ್ಯವಿತ್ತು: ಪೂರ್ಣಕುಂಭ ಸ್ವಾಗತ, ಪ್ರಾರ್ಥನೆ, ನಿರೂಪಣೆ. ಹೋಗಬಾರದೆಂದುಕೊಂಡೆ, ಹೋದೆ, ಹೆಸರು ಅಚ್ಚಾಗಿತ್ತಲ್ಲ. ಫ್ಲೆಕ್ಸಿನಲ್ಲಿ ನಮ್ಮ ಹನ್ನೊಂದು ಜನರ ಮುಖಗಳ ನಡುವೆ ತಿರುಮಲಾಂಬ ಎಂಬ ಹೆಸರಿನ ಮೇಲೆ ದಪ್ಪ ಕನ್ನಡಕದ ಬೇರೆ ಯಾವುದೋ ಅಜ್ಜಿಯ ಫೋಟೋ ಇತ್ತು. ಕಾರ್ಯದರ್ಶಿಗಳ ಕಿವಿಯಲ್ಲಿ ಹೇಳಿದೆ. "ಯಾರಿಗೂ ಗೊತ್ತಾಗಲ್ಲ ಬಿಡಿ ಸಾರ್" ಎಂದರು. ಯಾರಿಗೂ ಗೊತ್ತಿಲ್ಲದಿರುವುದೇ ಅರ್ಹತೆಯಾಗಿದ್ದುದರಿಂದ ನನ್ನಲ್ಲಿ ಉತ್ತರವಿರಲಿಲ್ಲ.

ಮುಖ್ಯ ಅತಿಥಿಗಳು ತಡವಾಗಿದ್ದರು. ಅಲ್ಲಿಯವರೆಗೆ ಎಳೆಯಬೇಕಾಗಿದ್ದ ಪ್ರಾರ್ಥನೆಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತ್ಯಾಗರಾಜರ ಕೃತಿಯೊಂದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಚೆನ್ನಾಗಿ ಹಾಡುತ್ತಿದ್ದಳು. ಅನುಪಲ್ಲವಿ ಮುಗಿದು ಚರಣಕ್ಕೆ ಬರುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಕಾರ್ಯದರ್ಶಿಗಳು ಎದ್ದು ಹೋಗಿ ಹುಡುಗಿಯ ಮುಂದಿನ ಮೈಕನ್ನು ನಯವಾಗಿ ತೆಗೆದುಕೊಂಡು, ಅವಳಿಗೆ ಸ್ವಲ್ಪ ಹಿಂದೆ ನಿಲ್ಲುವಂತೆ ಸನ್ನೆ ಮಾಡಿದರು.