ಹನ್ನೊಂದು ಒಂಬತ್ತು

'ಒಮ್ಮೆ ದುಡ್ಡು ಕಟ್ಟಿ, ಜೀವನಪೂರ್ತಿ ಬ್ಯಾಕಪ್ ಪಡೆಯಿರಿ' ಅಂತ ಮತ್ತೊಂದು ಜಾಹೀರಾತು ಬಂದಿದೆ, ನಮ್ಮ ಫೈಲುಗಳ ನಕಲನ್ನು ಇಂಟರ್ನೆಟ್ ಮೂಲಕ ತನ್ನಲ್ಲಿ ಇಟ್ಟುಕೊಳ್ಳುವ ಕ್ಲೌಡ್ ಕಂಪನಿಯದು. ಯಾರ ಜೀವನ ಅಂತ ಷರತ್ತುಗಳ ಪುಟದಲ್ಲಿ ಹುಡುಕಿದೆ. ಕಂಪನಿಯದ್ದಂತೆ.

ಮುಖಪುಟದಲ್ಲಿ ಒಂದು ನೀಲಿ ಬೀಗದ ಚಿತ್ರ. ಅದರ ಕೆಳಗೆ, ನಿಮ್ಮ ಫೈಲ್ ಉಳಿಯುವ ಖಾತ್ರಿ 99.999999999 ಪರ್ಸೆಂಟ್. ಬೆರಳಿಟ್ಟು ಎಣಿಸಿದೆ, ಹನ್ನೊಂದು ಒಂಬತ್ತು. ಇದು ಡಿಸ್ಕ್ ಕೆಡುವ ಲೆಕ್ಕ ಮಾತ್ರ. ಕಂಪನಿ ಬಾಗಿಲು ಹಾಕುವುದು, ಯಾವುದೋ ಯಂತ್ರಕ್ಕೆ ಅನುಮಾನ ಬಂದು ನಿಮ್ಮ ಖಾತೆ ಮುಚ್ಚುವುದು, ಕಾರ್ಡಿನ ಅವಧಿ ಮುಗಿದು ಹಣ ಹೋಗದೆ ಎಲ್ಲ ಅಳಿಸಿಹೋಗುವುದು, ಇವಕ್ಕೆಲ್ಲ ಒಂದು ಒಂಬತ್ತೂ ಇಲ್ಲ. 2013ರಲ್ಲಿ ನಿರ್ವಾನಿಕ್ಸ್ ಅನ್ನುವ ಕ್ಲೌಡ್ ಕಂಪನಿ, ಎರಡು ವಾರದಲ್ಲಿ ನಿಮ್ಮ ಸಾಮಾನು ಎತ್ತಿಕೊಳ್ಳಿ ಅಂತ ಗ್ರಾಹಕರಿಗೆ ಹೇಳಿತು. ಹೆಸರಲ್ಲೇ ನಿರ್ವಾಣ ಇತ್ತು, ಪಾಪ, ಯಾರಿಗೂ ಹೊಳೆದಿರಲಿಲ್ಲ.

2021ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನುವ ಕ್ಲೌಡ್ ಕಂಪನಿಯ ಡೇಟಾ ಸೆಂಟರ್, ಅಂದರೆ ಫೈಲುಗಳನ್ನಿಡುವ ಕಂಪ್ಯೂಟರುಗಳ ಕಟ್ಟಡ, ಉರಿದಾಗ ಕೆಲವರ ಮೂಲ, ಬ್ಯಾಕಪ್ ಎರಡೂ ಒಟ್ಟಿಗೇ ಹೋದವು. ಒಂದೇ ಆವರಣದಲ್ಲಿದ್ದವು, ಬಹಳ ಅನ್ಯೋನ್ಯ. ಆದರೆ ನನ್ನ ಮೆಚ್ಚಿನದು ದಕ್ಷಿಣ ಕೊರಿಯಾ ಸರ್ಕಾರ. 2025ರ ಸೆಪ್ಟೆಂಬರ್‌ನಲ್ಲಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ನೌಕರರ 858 ಟೆರಾಬೈಟ್ ಫೈಲುಗಳು ಹೋದವು. ಬ್ಯಾಕಪ್ ಯಾಕಿರಲಿಲ್ಲ? ಸೈಜ್ ಜಾಸ್ತಿ ಇತ್ತಂತೆ! ಚಿನ್ನ ಜಾಸ್ತಿಯಾಯಿತು, ಪೆಟ್ಟಿಗೆಗೆ ಹಿಡಿಸಲಿಲ್ಲ, ಅದಕ್ಕೇ ಜಗುಲಿ ಮೇಲೆ ಸುರಿದಿದ್ದೆವು ಅಂದ ಹಾಗೆ.

ಇರಲಿ, ಸೇರುವ ಮೊದಲು ಕೇಳಿಬಿಡೋಣ ಅಂತ ಚಾಟ್ ತೆರೆದೆ. 'ನನ್ನ ಫೈಲು ಬೇರೆಯವರು ಓದದಂತೆ ಹಾಕುವ ಬೀಗದ ಕೀಲಿ, ಅದೇ ಎನ್‌ಕ್ರಿಪ್ಷನ್ ಕೀಲಿ, ನನ್ನ ಹತ್ತಿರ ಇರುತ್ತದೋ ನಿಮ್ಮ ಹತ್ತಿರವೋ?'

'ನಮ್ಮದು ಮಿಲಿಟರಿ ದರ್ಜೆಯ ಭದ್ರತೆ ಸರ್.'

'ಸರಿ, ಕೀಲಿ?'

'ವಾರ್ಷಿಕ ಪ್ಲಾನ್ ಮೇಲೆ ಇವತ್ತು ರಿಯಾಯಿತಿ ಇದೆ ಸರ್.'

'2 ಟೆರಾಬೈಟ್ ವಾಪಸ್ ಇಳಿಸಿಕೊಳ್ಳಲು ಎಷ್ಟು ದಿನ ಬೇಕು? ಅದಕ್ಕೆ ಬೇರೆ ದುಡ್ಡಾ?'

ಆ ಕಡೆ ಮೂರು ಚುಕ್ಕಿ ಕುಣಿದವು. ನಿಂತವು. ಮತ್ತೆ ಕುಣಿದವು. ಆಮೇಲೆ, 'ಈ ಸಂಭಾಷಣೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?'

ನಾನು ಮತ್ತೆ ಷರತ್ತುಗಳಿಗೇ ಹೋದೆ. ಇರುವೆ ಸಾಲಿನಂಥ ಅಕ್ಷರ. ನಿಮ್ಮ ಡೇಟಾ ಹೋದರೆ ನಮ್ಮ ಹೊಣೆ, ಕಳೆದ 12 ತಿಂಗಳಲ್ಲಿ ನೀವು ಕಟ್ಟಿದ ಹಣದಷ್ಟು ಮಾತ್ರ. ಅಪ್ಪನ ಕೊನೆಯ ಫೋಟೋ, ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ಎಲ್ಲದಕ್ಕೂ ಸೇರಿ ಒಂದು ವರ್ಷದ ಬಾಡಿಗೆ. ಇದನ್ನು ಆ ಬೀಗದ ಪಕ್ಕದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಬರೆಯಲು ಏನ್ರೀ ಕಷ್ಟ ನಿಮಗೆ? ಓದಿ ಓದಿ ಸಾಕಾಗಿದೆ.

ಅಂದಹಾಗೆ, ಜೀವನಪೂರ್ತಿ ಪ್ಲಾನ್ ತೆಗೆದುಕೊಂಡವರು ಮೊದಲ ವರ್ಷ ದಾಟಿದ ಮೇಲೆ ಆ 12 ತಿಂಗಳಲ್ಲಿ ಕಟ್ಟಿರುವುದು ಸೊನ್ನೆ.